ಶಾರ್ಲ್ ದೊರೆಯ ಪತ್ರದ ತೇದಿಯನ್ನು ನಾನು ತಿದ್ದಿಕೊಂಡ ಬಗೆ

ಫ್ರಾನ್ಸಿನ ದೊರೆ ಒಂಬತ್ತನೆಯ ಶಾರ್ಲ್‌ನ ರುಜುವಿರುವ ಹದಿನಾಲ್ಕು ಸಾಲಿನ ಪತ್ರವೊಂದನ್ನು ಓದಿ ಮುಗಿಸಲು ನನಗೆ ಹನ್ನೊಂದು ಸಂಜೆಗಳು ಹಿಡಿದವು. ಕ್ಯಾಥೊಲಿಕರಿಗೂ ಹ್ಯೂಗೆನಾಟರೆಂದು ಹೆಸರಾದ ಪ್ರಾಟೆಸ್ಟಂಟರಿಗೂ ನಡುವೆ 1562ರಲ್ಲಿ ಹೊತ್ತಿಕೊಂಡು, 1598ರ ನಾಂತ್ ಶಾಸನದವರೆಗೆ ಆರಿ ಆರಿ ಮತ್ತೆ ಉರಿದ ಅಂತರ್ಯುದ್ಧದ ಮೊದಲ ಸುತ್ತಿಗೆ ಸೇರಿದ ಪತ್ರವದು. ಮೂಲವನ್ನು ನಾನು ಮುಟ್ಟಿ ನೋಡಿಲ್ಲ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣದಲ್ಲಿರುವ ಹಸ್ತಪ್ರತಿ ಚಿತ್ರಗಳನ್ನು ಪರದೆಯ ಮೇಲೆ ಹಿಗ್ಗಿಸಿ ಓದಿದ್ದು.

ಆ ಕಾಲದ ಕಾರಕೂನರ ಬರಹದಲ್ಲಿ ಎನ್, ಯು, ಎಂ, ಐ ಅಕ್ಷರಗಳೆಲ್ಲ ಒಂದೇ ತೆರನಾಗಿ ನಿಂತ ಗೀಟುಗಳು. ಉದ್ದನೆಯ ಎಸ್ ನೋಡಲು ಎಫ್‌ನಂತಿರುತ್ತದೆ. ಅಚ್ಚಾದ ಅಕ್ಷರಪಟ್ಟಿಗಳನ್ನು ನೆಚ್ಚದೆ, ಇದೇ ಕಾರಕೂನನ ಕೈಯಿಂದ ಬಂದ, ಅರ್ಥ ಖಚಿತವಾಗಿದ್ದ ಪದಗಳಿಂದ ಒಂದೊಂದು ಅಕ್ಷರವನ್ನೂ ಕತ್ತರಿಸಿ ನನ್ನದೇ ಪಟ್ಟಿ ಮಾಡಿಕೊಂಡೆ. ದೊರೆಗಳ ಪತ್ರಗಳು ಬಹುಮಟ್ಟಿಗೆ ಒಂದೇ ಮಾತಿನಿಂದ, ಅಂದರೆ ದೇವರು ನಿಮ್ಮನ್ನು ತನ್ನ ಪವಿತ್ರ ರಕ್ಷಣೆಯಲ್ಲಿಟ್ಟುಕೊಳ್ಳಲಿ ಎಂಬ ಪ್ರಾರ್ಥನೆಯಿಂದ ಮುಗಿಯುತ್ತವೆ. ಏನು ಬರೆದಿರಬೇಕೆಂದು ಮೊದಲೇ ಗೊತ್ತಿರುವ ಆ ಸಾಲಿನಿಂದಲೇ ಹಿಂದಕ್ಕೆ ಓದುತ್ತ ಬಂದೆ.

ಹಾಳೆಯ ಅಂಚಿನಲ್ಲಿ ಕಿರುಬೆರಳ ಉಗುರಿನಷ್ಟು ಉದ್ದದ ಸೀಳುಗಳು ಕಾಣುತ್ತವೆ. ಪತ್ರವನ್ನು ಮಡಿಸಿ, ಕಾಗದದ ಪಟ್ಟಿಯೊಂದನ್ನು ಆ ಸೀಳುಗಳಲ್ಲಿ ತೂರಿಸಿ, ಮೇಲೆ ಸಣ್ಣ ಮುದ್ರೆಯೊತ್ತಿ ಕಳುಹಿಸುತ್ತಿದ್ದರು. ಚರ್ಮದ ಹಾಳೆಯ ಮೇಲೆ ಬರೆದು ದೊಡ್ಡ ಮುದ್ರೆ ತೂಗುಬಿಟ್ಟ ಬಹಿರಂಗ ಶಾಸನ ಇದಲ್ಲ, ಒಬ್ಬ ಅಧಿಕಾರಿಯ ಕಣ್ಣಿಗೆ ಮಾತ್ರ ಬರೆದ ಮುಚ್ಚಿದ ಪತ್ರ ಎಂಬುದಕ್ಕೆ ಆ ಸೀಳುಗಳೇ ಸಾಕ್ಷಿ.

ಕೆಳಗೆ ದೊಡ್ಡ ಅಕ್ಷರಗಳಲ್ಲಿ ‘ಶಾರ್ಲ್’ ಎಂದಿದೆ. ಬಲಗಡೆ, ಅದಕ್ಕಿಂತ ಕೆಳಗೆ, ರಾಜ್ಯ ಕಾರ್ಯದರ್ಶಿ ಲೋಬೆಸ್ಪಿನ್‌ನ ಸಹಿ ಸುರುಳಿ ಗೀಟುಗಳೊಂದಿಗೆ ಇದೆ. ದೊರೆಯ ರುಜುವನ್ನು ಅವನಂತೆಯೇ ಬರೆಯಲು ಅನುಮತಿ ಪಡೆದ ಕಾರ್ಯದರ್ಶಿಗಳು ಫ್ರೆಂಚ್ ಆಸ್ಥಾನದಲ್ಲಿದ್ದುದರಿಂದ, ನನ್ನ ಟಿಪ್ಪಣಿಯಲ್ಲಿ ‘ಶಾರ್ಲ್ ಎಂಬ ರುಜು ಇದೆ’ ಎಂದಷ್ಟೇ ದಾಖಲಿಸಿದೆ. ಸ್ವಹಸ್ತ ಎಂಬ ಪದವನ್ನು ಬಳಸಲಿಲ್ಲ. ತಾಯಿ ಕ್ಯಾಥರೀನ್ ದ ಮೆದಿಚಿಯೇ ರಾಜ್ಯಭಾರ ನಡೆಸುತ್ತಿದ್ದ ಕಾಲದಲ್ಲಿ, ಬಾಲಕನೊಬ್ಬನ ಹೆಸರಿನ ವಿಷಯದಲ್ಲಿ ಈ ಎಚ್ಚರ ಬೇಕೇಬೇಕು.

ನಾನು ಎಡವಿದ್ದು ತೇದಿಯಲ್ಲಿ. ಬ್ಲ್ವಾ ಪಟ್ಟಣ, ಫೆಬ್ರವರಿ 16, ಅನಂತರ ವರ್ಷ ರೋಮನ್ ಅಂಕಿಗಳಲ್ಲಿ: ಸಾವಿರ ಎಂಬ ಪದ, ಐದು ಎಂಬ ಅಂಕಿಯ ತಲೆಯ ಮೇಲೆ ನೂರನ್ನು ಸೂಚಿಸುವ ಪುಟ್ಟ ಸಿ, ಮುಂದೆ ಅರವತ್ತೆರಡು, ಕೊನೆಯ ಗೀಟನ್ನು ಬಾಲದಂತೆ ಕೆಳಕ್ಕೆ ಎಳೆದದ್ದು. ಓದು ಸರಿಯಾಗಿತ್ತು, 1562 ಎಂದು ಬರೆದುಕೊಂಡು ನೆಮ್ಮದಿಯಿಂದ ಇದ್ದೆ. ಆದರೆ ಪತ್ರದ ವಿಷಯವೇ ಆ ವರ್ಷಕ್ಕೆ ಒಗ್ಗಲಿಲ್ಲ. ಹ್ಯೂಗೆನಾಟರ ಹಿಡಿತದಲ್ಲಿದ್ದ ಓರ್ಲಿಯಾನ್ ಪಟ್ಟಣದ ಮುಂದೆ ಬೀಡುಬಿಟ್ಟಿರುವ ‘ನನ್ನ ದಾಯಾದಿ ಗೀಸ್ ಡ್ಯೂಕ್’ನ, ಅಂದರೆ ಕ್ಯಾಥೊಲಿಕ್ ಸೇನಾಪತಿಯ, ಪಾಳೆಯಕ್ಕೆ ಸಿಡಿಮದ್ದಿನ ಗಾಡಿಗಳನ್ನು ತಡಮಾಡದೆ ಕಳುಹಿಸಬೇಕೆಂಬುದು ಆಜ್ಞೆ. 1562ರ ಫೆಬ್ರವರಿ ನಡುವಿನಲ್ಲಿ ಗೀಸ್ ಸಾವೆರ್ನ್‌ನಲ್ಲಿ ವ್ಯೂರ್ಟೆಂಬರ್ಗ್ ಡ್ಯೂಕನೊಡನೆ ಮಾತುಕತೆಯಲ್ಲಿದ್ದ. ಆಸ್ಥಾನವಿದ್ದದ್ದು ಸೇಂಟ್ ಜರ್ಮೇನ್‌ನಲ್ಲಿ. ಯುದ್ಧಕ್ಕೆ ಕಿಡಿ ಹೊತ್ತಿಸಿದ ವಾಸ್ಸಿಯ ಹತ್ಯಾಕಾಂಡ ನಡೆದದ್ದೇ ಮಾರ್ಚ್ 1ರಂದು.

ಎರಡು ದಿನ ಪತ್ರವನ್ನೇ ಸಂಶಯಿಸಿದೆ. ಉತ್ತರ ಹೊಳೆದದ್ದು ನಮ್ಮ ಶಾಸನಗಳಿಂದ. ಇಸವಿ ತಿಳಿಯಲು ಶಕವರ್ಷಕ್ಕೆ 78 ಕೂಡಿಸುವ ನಾವು, ಜನವರಿಯಿಂದ ಯುಗಾದಿಯವರೆಗಿನ ಮಾಘ, ಫಾಲ್ಗುಣದ ತೇದಿಗಳಿಗೆ 79 ಕೂಡಿಸುತ್ತೇವೆ, ಏಕೆಂದರೆ ಶಕವರ್ಷ ಇನ್ನೂ ಬದಲಾಗಿರುವುದಿಲ್ಲ. ಫ್ರೆಂಚ್ ಆಸ್ಥಾನದಲ್ಲಿ ಆಗ ಹೊಸ ವರ್ಷ ಹುಟ್ಟುತ್ತಿದ್ದದ್ದು ಈಸ್ಟರ್‌ಗೆ, ಯುಗಾದಿಯಂತೆಯೇ ಚಂದ್ರನ ಲೆಕ್ಕದೊಡನೆ ಹಿಂದೆ ಮುಂದೆ ಸರಿಯುವ ಹಬ್ಬಕ್ಕೆ. ಆ ಸಲ ಈಸ್ಟರ್ ಬಂದದ್ದು ಏಪ್ರಿಲ್ 11ಕ್ಕೆ. ಅಲ್ಲಿಯವರೆಗೆ ಕಾರಕೂನನಿಗೆ ವರ್ಷ 1562 ಆಗಿಯೇ ಇತ್ತು. ನಮ್ಮ ಎಣಿಕೆಯಲ್ಲಿ ಪತ್ರದ ವರ್ಷ 1563. ವರ್ಷ ಜನವರಿ 1ರಿಂದಲೇ ಆರಂಭವಾಗಬೇಕೆಂಬ ಕಟ್ಟಳೆ 1564ರಲ್ಲಿ ಇದೇ ಶಾರ್ಲ್‌ನ ಹೆಸರಿನಲ್ಲಿ ಹೊರಟಿತು. ಅದನ್ನು ಪ್ಯಾರಿಸಿನ ಉಚ್ಚ ನ್ಯಾಯಾಲಯ ಒಪ್ಪಿ ನಡೆದದ್ದು 1567ರಿಂದ.

ವರ್ಷ ಸರಿಹೋದೊಡನೆ ಎಲ್ಲವೂ ತನ್ನ ಸ್ಥಾನಕ್ಕೆ ಬಂದಿತು. ಗೀಸ್ ಓರ್ಲಿಯಾನ್‌ಗೆ ಮುತ್ತಿಗೆ ಹಾಕಿದ್ದು ಆ ತಿಂಗಳ ಮೊದಲ ವಾರದಲ್ಲಿ. ಪತ್ರ ಹೊರಟ ಎರಡೇ ದಿನಕ್ಕೆ, ಫೆಬ್ರವರಿ 18ರಂದು, ಪೋಲ್ತ್ರೊ ದ ಮೆರೆ ಎಂಬ ಹ್ಯೂಗೆನಾಟ್ ಅವನಿಗೆ ಗುಂಡು ಹಾರಿಸಿದ. 24ರಂದು ಗೀಸ್ ತೀರಿಕೊಂಡ. ಮಾರ್ಚ್ 19ರಂದು ಆಂಬ್ವಾಜ್‌ನಲ್ಲಿ ಶಾಂತಿಶಾಸನವಾಯಿತು. ಹನ್ನೆರಡು ವರ್ಷದ ದೊರೆಯ ಹೆಸರಿನಲ್ಲಿ ತರಿಸಿದ ಮದ್ದು ಪಾಳೆಯ ತಲುಪಿತೋ ಇಲ್ಲವೋ ಎಂದು ಆ ಸಂಜೆ ಬಹಳ ಹೊತ್ತು ಯೋಚಿಸುತ್ತ ಕುಳಿತಿದ್ದೆ.

ಈಗ ನನ್ನ ಟಿಪ್ಪಣಿಯಲ್ಲಿ ಎರಡು ಅಂಕಣಗಳಿವೆ: ಒಂದರಲ್ಲಿ ಹಾಳೆಯ ಮೇಲಿರುವ ವರ್ಷ, ಇನ್ನೊಂದರಲ್ಲಿ ನಮ್ಮ ಎಣಿಕೆಯ ವರ್ಷ. ಈ ಪತ್ರವಿರುವ ಹಸ್ತಪ್ರತಿ ಸಂಪುಟದಿಂದ ಮೊದಲು ಗುರುತು ಹಾಕಿಕೊಂಡಿದ್ದ ಪತ್ರಗಳಲ್ಲಿ ಜನವರಿಯಿಂದ ಈಸ್ಟರ್‌ವರೆಗಿನವನ್ನು ಒಂದೊಂದಾಗಿ ಮತ್ತೆ ತೆರೆದು ತಿದ್ದುತ್ತಿದ್ದೇನೆ.