ಹುತ್ತರಿ ಊಟದ ಚಂದಾ, ಗಿಫ್ಟ್ ಏಡ್ ಟಿಕ್: ಬ್ರಿಟನ್ನಿಗೆ ಹೊಸದಾಗಿ ಬಂದ ಕೊಡಗಿನವರಿಗೆ

ಪ್ರತಿ ವರ್ಷ ಇದೇ ಕಥೆ. ನವೆಂಬರ್ 14ರ ಮಧುಮೇಹ ದಿನ ಕಳೆದು ಹುತ್ತರಿ ಹತ್ತಿರ ಬರುತ್ತಿದ್ದ ಹಾಗೆ, ಮಡಿಕೇರಿ ಕಡೆಯಿಂದಲೋ ಗೋಣಿಕೊಪ್ಪ ಕಡೆಯಿಂದಲೋ ಹೊಸದಾಗಿ ಬಂದವರು ಯಾರಾದರೂ "ಈ ಸಲದ ಊಟದಲ್ಲಿ ಶುಗರ್ ಸಂಶೋಧನೆಗೆ ದುಡ್ಡು ಎತ್ತೋಣ" ಅಂತಾರೆ. ಒಳ್ಳೆಯ ಯೋಚನೆಯೇ. ಶುಗರ್ ಇಲ್ಲದ ಮನೆ ನಮ್ಮಲ್ಲಿ ಯಾವುದಿದೆ ಹೇಳಿ? ಆದರೆ ದುಡ್ಡು ಎತ್ತುವಾಗ ನಾವು ಹಳಬರು ಬಿದ್ದ ಗುಂಡಿಗೇ ಹೋಗಿ ಬೀಳುತ್ತಾರೆ.

ಇಲ್ಲಿ ಸಂಶೋಧನೆಗೆ ಸರ್ಕಾರದ ದುಡ್ಡು ಬರುತ್ತೆ, ಅದರ ಜೊತೆಗೆ ಜನರ ಚಂದಾನೂ ದೊಡ್ಡ ಪಾಲು. ಡಯಾಬಿಟಿಸ್ ಯುಕೆ ಸಂಸ್ಥೆಯನ್ನೇ ನೋಡಿ. 1934ರಲ್ಲಿ ಲೇಖಕ ಎಚ್.ಜಿ. ವೆಲ್ಸ್ ಮತ್ತು ವೈದ್ಯ ಆರ್.ಡಿ. ಲಾರೆನ್ಸ್ ಸೇರಿ ಶುರು ಮಾಡಿದ್ದು, ಇಬ್ಬರಿಗೂ ಸಕ್ಕರೆ ಕಾಯಿಲೆ ಇತ್ತು. ಚಂದಾ ಎಲ್ಲಿಗೆ ಹೋಗುತ್ತೆ ಅಂತ ಅನುಮಾನ ಪಡುವವರಿಗೆ ನಾನು ಯಾವಾಗಲೂ ಹೇಳುವುದು ಇದೇ ಸಂಸ್ಥೆಯ ದುಡ್ಡಿನಲ್ಲಿ ನಡೆದ ಡೈರೆಕ್ಟ್ ಎಂಬ ಅಧ್ಯಯನದ ಬಗ್ಗೆ. ನ್ಯೂಕ್ಯಾಸಲ್‌ನ ರಾಯ್ ಟೇಲರ್, ಗ್ಲಾಸ್ಗೋದ ಮೈಕ್ ಲೀನ್ ನಡೆಸಿದ್ದು. ಟೈಪ್ 2 ಬಂದು ಆರು ವರ್ಷದೊಳಗಿನ, ಇನ್ಸುಲಿನ್ ತೆಗೆದುಕೊಳ್ಳದ ಜನರಿಗೆ ಮೂರರಿಂದ ಐದು ತಿಂಗಳು ಬರೀ ಸೂಪ್ ಮತ್ತು ಶೇಕ್ ಕೊಟ್ಟು ತೂಕ ಇಳಿಸಿದರು. ವರ್ಷದ ಕೊನೆಗೆ ಅವರಲ್ಲಿ ಶೇ. 46 ಮಂದಿಗೆ ಮಾತ್ರೆಯಿಲ್ಲದೆ ಶುಗರ್ ಹತೋಟಿಗೆ ಬಂದಿತ್ತು. 2017ರಲ್ಲಿ ಪ್ರಕಟವಾಯಿತು, ಈಗ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಈ ಸೂಪ್-ಶೇಕ್ ಪಥ್ಯವನ್ನು ಪುಕ್ಕಟೆ ಕೊಡುತ್ತೆ. ಪಂದಿ ಕರಿ, ಕಡಂಬುಟ್ಟು ಬಿಟ್ಟು ಅಷ್ಟು ದಿನ ಸೂಪ್ ಕುಡಿಯುವ ಗಟ್ಟಿಗರು ನಮ್ಮಲ್ಲಿ ಎಷ್ಟಿದ್ದಾರೋ, ಅದು ಬೇರೆ ಮಾತು.

ಈಗ ಗುಂಡಿಯ ವಿಷಯ. ಅದರ ಹೆಸರು ಗಿಫ್ಟ್ ಏಡ್. ನೀವು 100 ಪೌಂಡ್ ಕೊಟ್ಟು ಚಂದಾ ಫಾರಂನಲ್ಲಿ ಆ ಹೆಸರಿನ ಬಾಕ್ಸಿಗೆ ಟಿಕ್ ಹಾಕಿದರೆ ಸಂಸ್ಥೆ ತೆರಿಗೆ ಇಲಾಖೆಯಿಂದ ಇನ್ನೂ 25 ಪೌಂಡ್ ಪಡೆಯುತ್ತೆ. ಸರ್ಕಾರ ಖುಷಿಯಿಂದ ಕೊಡುವ ದುಡ್ಡು ಅಂದುಕೊಳ್ಳಬೇಡಿ. ಅದು ಆ ವರ್ಷ ನೀವು ಕಟ್ಟಿದ ತೆರಿಗೆಯಿಂದ ಹೋಗುವುದು. ಅಷ್ಟು ತೆರಿಗೆ ಕಟ್ಟಿರದಿದ್ದರೆ ಕಡಿಮೆ ಬಿದ್ದದ್ದನ್ನು ನೀವೇ ತುಂಬಿಕೊಡಬೇಕು, ಸಂಸ್ಥೆ ಅಲ್ಲ. ಬಾಕ್ಸಿನ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತೆ. ಓದುವವರು ಯಾರು?

ಒಬ್ಬ ಹುಡುಗ, ಸೋಮವಾರಪೇಟೆ ಕಡೆಯವನು, ಹಾಲ್ ಬಾಗಿಲಲ್ಲಿ ನಿಂತು ಎಲ್ಲರ ಹತ್ತಿರ ಇಪ್ಪತ್ತಿಪ್ಪತ್ತು ಪೌಂಡ್ ನೋಟು ಇಸ್ಕೊಂಡ. ರಾತ್ರಿ ಮನೆಗೆ ಹೋಗಿ ತನ್ನ ಕಾರ್ಡಿನಲ್ಲಿ ಒಟ್ಟಿಗೆ 1,000 ಪೌಂಡ್ ಕಟ್ಟಿ ಟಿಕ್ ಒತ್ತಿದ. ಎರಡು ತಪ್ಪು. ಗಿಫ್ಟ್ ಏಡ್ ನಿಮ್ಮ ಸ್ವಂತ ದುಡ್ಡಿಗೆ ಮಾತ್ರ, ಊರವರ ದುಡ್ಡಿಗೆ ಅಲ್ಲ. ಸಾಲದ್ದಕ್ಕೆ ಅವನು ಕೆಲಸಕ್ಕೆ ಸೇರಿದ್ದೇ ನವೆಂಬರಿನಲ್ಲಿ, ಏಪ್ರಿಲ್ 5ಕ್ಕೆ ತೆರಿಗೆ ವರ್ಷ ಮುಗಿಯುವಾಗ ಸಂಬಳ ತೆರಿಗೆ ಇಲ್ಲದ 12,570 ಪೌಂಡಿನ ಮಿತಿ ದಾಟಿರಲಿಲ್ಲ, ಅಂದರೆ ತೆರಿಗೆ ಸೊನ್ನೆ. ಪಾಪ, 250 ಪೌಂಡ್ ಕೈಯಿಂದ ಹೋಯಿತು.

ಆದ್ದರಿಂದ ಯಾರ ದುಡ್ಡೋ ಅವರೇ ಕಟ್ಟಲಿ. ಆನ್‌ಲೈನ್ ಪುಟ ತೆರೆದು ಲಿಂಕ್ ಕಳಿಸಿ. ನಗದು ಕೊಡುವವರಿದ್ದರೆ ಸಂಸ್ಥೆಯ ಸ್ಪಾನ್ಸರ್‌ಶಿಪ್ ಫಾರಂ ತರಿಸಿ, ಪ್ರತಿಯೊಬ್ಬರೂ ಪೂರ್ತಿ ಹೆಸರು, ಮನೆ ವಿಳಾಸ, ಪೋಸ್ಟ್‌ಕೋಡ್ ಬರೆದು ತಾವೇ ಟಿಕ್ ಹಾಕಲಿ. ತೆರಿಗೆ ಕಟ್ಟದ ವಿದ್ಯಾರ್ಥಿಗಳು, ಸಂಪಾದನೆ ಇಲ್ಲದೆ ಡಿಪೆಂಡೆಂಟ್ ವೀಸಾದಲ್ಲಿ ಇರುವವರು ಚಂದಾ ಕೊಡಲಿ, ಟಿಕ್ ಬೇಡ. ಊಟದ ಟಿಕೆಟ್ ದುಡ್ಡು, ರಾಫಲ್ ದುಡ್ಡು ಇದಕ್ಕೆ ಸೇರಿಸಲೇಬೇಡಿ, ಬದಲಿಗೆ ಏನೋ ಸಿಕ್ಕಿತಲ್ಲ, ಅದು ದಾನ ಆಗಲ್ಲ. ಸಂಶೋಧನೆಗೇ ಹೋಗಬೇಕು ಅಂದರೆ ಹಾಗಂತ ಬರೆದು ಕೊಡಿ. ಸುಮ್ನೆ ಕೊಟ್ಟರೆ ಸಂಸ್ಥೆ ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು.

ದಾನಕ್ಕೆ ತೆರಿಗೆ ವಿನಾಯಿತಿ ಕೊಡುವ ಭಾರತದ ನಮ್ಮ 80ಜಿ ಇದಕ್ಕಿಂತ ವಾಸಿ ಅನ್ನುವವರು ಇದ್ದಾರೆ. ನನಗೆ ಹಾಗನಿಸಲ್ಲ. ಅಲ್ಲಿ ತೆರಿಗೆ ಲಾಭ ಕೊಟ್ಟವರ ಜೇಬಿಗೆ, ಇಲ್ಲಿ ಚಂದಾ ಪಡೆದ ಸಂಸ್ಥೆಗೆ. ಶೇ. 40ರ ತೆರಿಗೆಯವರಿಗೆ ಇಲ್ಲೂ ಸ್ವಲ್ಪ ವಾಪಸ್ ಸಿಗುತ್ತೆ, ಆದರೆ ಕೇಳಿ ಪಡೆಯಬೇಕು, ತಾನಾಗಿ ಬರಲ್ಲ.

ಕೊನೆಯದಾಗಿ, "ಇಲ್ಯಾಕೆ, ವಿರಾಜಪೇಟೆಯ ಟ್ರಸ್ಟಿಗೇ ಕಳಿಸೋಣ, ತೋಟದ ಲೈನ್‌ಮನೆಯವರಿಗೆ ಶುಗರ್ ತಪಾಸಣೆ ಆಗಲಿ" ಅನ್ನುವವರಿಗೆ. ಮನಸ್ಸು ದೊಡ್ಡದು, ಆದರೆ ಅದಕ್ಕೆ ಗಿಫ್ಟ್ ಏಡ್ ಇಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರು ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಆದವರು ಕಳಿಸಿದರೆ, ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ ಸರಿ, ಅದು ವಿದೇಶಿ ದೇಣಿಗೆಯೇ. ಆ ಟ್ರಸ್ಟಿಗೆ ಎಫ್‌ಸಿಆರ್‌ಎ, ಅಂದರೆ ಭಾರತದ ವಿದೇಶಿ ದೇಣಿಗೆ ಕಾನೂನಿನ ಅನುಮತಿ ಇರಬೇಕು, ದುಡ್ಡು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಮೊದಲು ಬರಬೇಕು. ಅನುಮತಿ ಇರುವ ಇನ್ನೊಂದು ಸಂಸ್ಥೆಯ ಮೂಲಕ ದಾಟಿಸೋಣ ಅಂದರೆ 2020ರ ತಿದ್ದುಪಡಿ ಆದಮೇಲೆ ಅದಕ್ಕೂ ದಾರಿಯಿಲ್ಲ. ಅದಕ್ಕೇ ಎಲ್ಲರ ಚಂದಾ ಒಂದೇ ಖಾತೆಗೆ ಹಾಕಿ ಕಳಿಸಬೇಡಿ, ಯಾರ ಕೈಯಲ್ಲಿ ಯಾವ ಪಾಸ್‌ಪೋರ್ಟ್ ಇದೆ ಅಂತ ಮೊದಲು ಕೇಳಿಕೊಳ್ಳಿ.