ಚೋರ್ ಬಜಾರಿನ ಹಳೆಯ ಸೀಕೊ ವಾಚಿಗೆ ಮತ್ತೆ ಜೀವ

ಶುಕ್ರವಾರ ಬೆಳಬೆಳಗ್ಗೆ ಮುಂಬೈನ ಚೋರ್ ಬಜಾರಿಗೆ ಹೋದರೆ ಬೀದಿ ಬದಿಯ ಚಾದರದ ಮೇಲೆ ಹಳೆಯ ವಾಚುಗಳು ಕಾಣುತ್ತವೆ. ಅದರಲ್ಲಿ ಸೀಕೊ 5 ಇದ್ದೇ ಇರುತ್ತದೆ. 1963ರಲ್ಲಿ ಜಪಾನಿನಲ್ಲಿ ಶುರುವಾದ ಈ ವಾಚಿಗೆ ಸೆಲ್ ಬೇಡ, ಕೀ ಕೊಡುವುದೂ ಬೇಡ. ಕೈ ಆಡಿದ ಹಾಗೆ ಒಳಗಿನ ಅರ್ಧಚಂದ್ರದಂಥ ತೂಕ ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ.

ನಾನು ಮೊದಲು ಕೊಂಡದ್ದು ಕಿತ್ತಳೆ ಬಣ್ಣದ, ಫಳಫಳ ಹೊಳೆಯುವ ಡಯಲ್‌ನದು. ಡೊಂಬಿವಲಿಯ ಮನೆಗೆ ತಂದು ಭೂತಗನ್ನಡಿಯಲ್ಲಿ ನೋಡಿದೆ. ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲಿನ ಶಾಯಿಯ ಹಾಗೆ ಹರಡಿತ್ತು. ಹಳೆಯ ಡಯಲ್‌ಗೆ ಯಾರೋ ಹೊಸ ಬಣ್ಣ ಬಳಿದಿದ್ದರು. ತುಂಬಾ ಬೇಜಾರಾಯಿತು. ಅದಕ್ಕೇ ಹೇಳುವುದು, ಮೊದಲು ಡಯಲ್ ನೋಡಿ. ಅಸಲಿ ಡಯಲ್‌ನ ಅಕ್ಷರ ಚೂಪಾಗಿರುತ್ತದೆ. 6ರ ಕೆಳಗೆ, ಅಂಚಿನಲ್ಲಿ ಇರುವೆ ಗಾತ್ರದ ಅಂಕಿಗಳಿರುತ್ತವೆ. ಮಾಸಿದ್ದರೂ, ಚುಕ್ಕೆ ಬಿದ್ದಿದ್ದರೂ ಅಸಲಿಯೇ ಇರಲಿ. ಅದಕ್ಕೆ ಬಣ್ಣ ಹಚ್ಚಿಸಲೇಬೇಡಿ.

ಆಮೇಲೆ ವಾಚನ್ನು ಬೋರಲು ಹಾಕಿ. ಮುಚ್ಚಳದ ಮೇಲೆ 6119-8083 ಥರದ ನಂಬರ್ ಇರುತ್ತದೆ. ಮೊದಲ ನಾಲ್ಕು ಅಂಕಿ ಒಳಗಿನ ಮೆಷಿನ್‌ನದು. ಮುಚ್ಚಳ ತೆಗೆಸಿ, ಮೆಷಿನ್ ಮೇಲೂ ಅದೇ ಇದೆಯಾ ನೋಡಿ. ಬೇರೆ ಇದ್ದರೆ ಎರಡು ಮೂರು ವಾಚು ಸೇರಿಸಿ ಕಟ್ಟಿದ್ದಾರೆ ಅಂತಲೇ ಅರ್ಥ. ಇನ್ನೊಂದು ಸೀರಿಯಲ್ ನಂಬರ್ ಇರುತ್ತದೆ. ಅದರ ಮೊದಲ ಅಂಕಿ ವರ್ಷದ ಕೊನೆಯ ಅಂಕಿ, ಎರಡನೆಯದು ತಿಂಗಳು. ಅಕ್ಟೋಬರಿಗೆ ಸೊನ್ನೆ, ನವೆಂಬರಿಗೆ ಎನ್, ಡಿಸೆಂಬರಿಗೆ ಡಿ. 6119 ಮೆಷಿನ್ ಇದ್ದು ಸೀರಿಯಲ್ 14ರಿಂದ ಶುರುವಾದರೆ ಅದು 1971ರ ಏಪ್ರಿಲ್‌ನದು. 1961ರಲ್ಲಿ ಸೀಕೊ 5 ಇನ್ನೂ ಹುಟ್ಟಿರಲೇ ಇಲ್ಲ ಅಲ್ವಾ!

ಮೆಲ್ಲಗೆ ಅಲುಗಿಸಿದರೆ ಸೆಕೆಂಡ್ ಮುಳ್ಳು ಓಡಬೇಕು. ಮುಳ್ಳುಗಳು ರಾತ್ರಿ 9ರಿಂದ 3ರ ನಡುವೆ ಇದ್ದಾಗ ವಾರ, ತಾರೀಖು ಬದಲಿಸಬೇಡಿ. ಒಳಗಿನ ಹಲ್ಲು ಮುರಿಯಬಹುದು.

‘ಓಡ್ತಾ ಇದೆ, ಸರ್ವಿಸ್ ಯಾಕೆ?’ ಅಂತ ಮಾರುವವರು ಹೇಳುತ್ತಾರೆ. ಒಪ್ಪಬೇಡಿ. ಹಳೆಯ ಎಣ್ಣೆ ಒಣಗಿ ಅಂಟಾಗಿರುತ್ತದೆ. ಹಾಗೇ ಓಡಿಸಿದರೆ ಚಕ್ರದ ತುದಿಗಳು ಸವೆಯುತ್ತವೆ. ನೀವೇ ಬಿಚ್ಚುವ ಆಸೆ ಇದ್ದರೆ ಮೊದಲು ಕೆಟ್ಟ ಎಚ್‌ಎಂಟಿ ಒಂದರಲ್ಲಿ ಕೈ ಪಳಗಿಸಿ. ನಮ್ಮ ಬೆಂಗಳೂರಿನ ಎಚ್‌ಎಂಟಿ 1961ರಲ್ಲಿ ವಾಚು ಶುರು ಮಾಡಿದ್ದು ಜಪಾನಿನ ಸಿಟಿಜನ್ ಜೊತೆಗೇ. ಬಿಚ್ಚುವಾಗ ಮೊದಲ ಕೆಲಸ ಸ್ಪ್ರಿಂಗ್‌ನ ಬಿಗಿ ನಿಧಾನವಾಗಿ ಸಡಿಲಿಸುವುದು. ಮರೆತರೆ ಚಕ್ರಗಳು ಒಮ್ಮೆಲೇ ಗಿರ್ರನೆ ತಿರುಗಿ ಹಲ್ಲು ಹಾಳಾಗುತ್ತದೆ. ತೊಳೆದು ಒಣಗಿಸಿದ ಮೇಲೆ ಎಣ್ಣೆಯನ್ನು ಸೂಜಿಯ ತುದಿಯಷ್ಟೇ ಇಡಿ. ಜಾಸ್ತಿ ಆದರೆ ಹರಿದು ಬೇಕಿಲ್ಲದ ಕಡೆಗೆಲ್ಲ ಹೋಗುತ್ತದೆ.

ಗಾಜು ಗೀರಿದ್ದರೆ ಹೊಸದು ಹಾಕಿಸಿ, ಬೆಲ್ಟ್ ಯಾವುದಾದರೂ ಸರಿ. ಕೇಸನ್ನು, ಅಂದರೆ ವಾಚಿನ ಹೊರಕವಚವನ್ನು ಮಾತ್ರ ಪಾಲಿಶ್‌ಗೆ ಕೊಡಬೇಡಿ. ಅಂಚುಗಳು ಉರುಟಾಗಿ ಸೋಪಿನ ತುಂಡಿನಂತಾಗುತ್ತವೆ.

ಸರ್ವಿಸ್ ಆದ ಮೇಲೆ ಒಂದು ವಾರ ದಿನಾ ಒಂದೇ ಹೊತ್ತಿಗೆ ಮೊಬೈಲ್ ಸಮಯದ ಜೊತೆ ಹೋಲಿಸಿ ಬರೆದಿಡಿ. ಇದ್ದಕ್ಕಿದ್ದಂತೆ ನಿಮಿಷಗಟ್ಟಲೆ ಮುಂದೆ ಓಡಿದರೆ ಒಳಗಿನ ಭಾಗಗಳಿಗೆ ಮ್ಯಾಗ್ನೆಟ್‌ನ ಗುಣ ಹತ್ತಿರಬಹುದು. ಅದನ್ನು ರಿಪೇರಿಯವರು ಕ್ಷಣದಲ್ಲಿ ಬಿಡಿಸುತ್ತಾರೆ. ನೀರು ಒಳಗೆ ಹೋಗದಂತೆ ತಡೆಯುವ ಮುಚ್ಚಳದ ರಬ್ಬರ್ ರಿಂಗನ್ನೂ ಹೊಸದಾಗಿ ಹಾಕಿಸಿ. ಹಾಕಿಸಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಲೋಕಲ್ ರೈಲು ಹತ್ತುವಾಗ ನಾನು ಈ ವಾಚು ಕಟ್ಟುವುದಿಲ್ಲ.