ತೋಟದ ಬಾವಿ ಈಜು ಕಡಲಿಗೆ ಸಾಲದು

ಆಸ್ಟ್ರೇಲಿಯಾದಿಂದ ರಜೆಗೆ ಕೋಲಾರಕ್ಕೆ ಬಂದಿದ್ದೇನೆ. ಪಕ್ಕದ ಮನೆ ಹುಡುಗ ಓದಲು ಸಿಡ್ನಿಗೆ ಹೊರಟಿದ್ದಾನೆ. “ಅಕ್ಕಾ, ನನಗೆ ಈಜು ಬರುತ್ತೆ, ಪ್ರತಿ ವಾರ ಬೀಚಿಗೆ ಹೋಗ್ತೀನಿ” ಅಂದ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ನಮ್ಮ ಕಡೆ ಮಕ್ಕಳು ಈಜು ಕಲಿಯುವುದು ಬಾವಿ, ಕೆರೆಯಲ್ಲಿ. ಅದು ನಿಂತ ನೀರು. ಕಡಲು ಹಾಗಲ್ಲ.

ಆಸ್ಟ್ರೇಲಿಯಾದ ಬೀಚಿನಲ್ಲಿ ಮೊದಲು ಕೆಂಪು-ಹಳದಿ ಬಾವುಟ ಹುಡುಕಿ. ಎರಡು ಬಾವುಟಗಳ ನಡುವೆ ಮಾತ್ರ ನೀರಿಗಿಳಿಯಿರಿ. ಜೀವರಕ್ಷಕರು ಕಣ್ಣಿಡುವುದು ಅಲ್ಲೇ. ಬಾವುಟ ಇಲ್ಲವಾ? ಮರಳಲ್ಲೇ ಕೂತು ಚಿತ್ರಾನ್ನ ತಿನ್ನಿ.

ಅಲೆ ಒಡೆಯದೆ, ಸುಮ್ನೆ ಕಪ್ಪಗೆ ಕಾಣುವ ಜಾಗವೇ ಸೇಫ್ ಅನಿಸುತ್ತೆ, ಅಲ್ವಾ? ದಡದಿಂದ ದೂರಕ್ಕೆ ಎಳೆಯುವ ಸೆಳವು ಜಾಸ್ತಿ ಇರುವುದು ಅಂಥ ಕಡೆಯೇ. ಮೊದಲ ವರ್ಷ ನಾನೂ ಅಲ್ಲಿಗೇ ಇಳಿಯಲು ಹೊರಟಿದ್ದೆ. ಅಜ್ಜಿಯೊಬ್ಬರು ಕೂಗಿ ತಡೆದರು. ಇವತ್ತಿಗೂ ಅವರನ್ನು ನೆನೆಯುತ್ತೇನೆ.

ಸೆಳವಿಗೆ ಸಿಕ್ಕಿಕೊಂಡರೆ ಅದಕ್ಕೆ ಎದುರಾಗಿ ಈಜಬೇಡಿ, ಬೇಗ ಸುಸ್ತಾಗುತ್ತದೆ. ತೇಲುತ್ತಾ ಕೈ ಎತ್ತಿ ಕೂಗಿ. ಶಕ್ತಿಯಿದ್ದರೆ ಪಕ್ಕಕ್ಕೆ, ಅಲೆ ಒಡೆಯುತ್ತಿರುವ ಕಡೆ ಈಜಿ. ತುರ್ತು ಸಂಖ್ಯೆ 000.

ಊರಿಂದ ಅಪ್ಪ ಅಮ್ಮ ಬಂದರೆ ಸಿಡ್ನಿಯಿಂದ ದಕ್ಷಿಣಕ್ಕಿರುವ ಕಡಲ ತೀರದ ಊರು ಕಯಾಮಾಗೆ ರೈಲಲ್ಲಿ ಕರೆದೊಯ್ಯಿರಿ. ಅಲ್ಲಿ ಬಂಡೆಗಳ ನಡುವೆ ಕಡಲ ನೀರಿನ ಕೊಳವಿದೆ. ಅಲೆ ಕಡಿಮೆಯಿರುವ ದಿನವೇ ಹೋಗಿ.